ಬೆಕ್ಕಿಗೆ ಶುಗರ್ ಬಂದಾಗ ಹತ್ತಿರದ ಡಾಕ್ಟರು ಸಾಕಾ, ಸ್ಪೆಷಲಿಸ್ಟ್ ಬೇಕಾ?

ಬೆಕ್ಕಿಗೂ ಶುಗರ್ ಬರುತ್ತದೆ ಅಂದರೆ ಈಗಲೂ ಎಷ್ಟೋ ಜನ ನಂಬುವುದಿಲ್ಲ. ಮೊದಲೆಲ್ಲ ಮನೆ ಬೆಕ್ಕು ಅಂದರೆ ಅಟ್ಟದಲ್ಲಿ ಇಲಿ ಹಿಡಿದು, ಬೀದಿಯೆಲ್ಲ ಸುತ್ತಿ, ಊಟದ ಹೊತ್ತಿಗೆ ಅಡುಗೆಮನೆ ಬಾಗಿಲಿಗೆ ಬರುವ ಪ್ರಾಣಿ. ಈಗ ಬೆಂಗಳೂರು, ಮೈಸೂರು, ಮಂಗಳೂರಿನ ಫ್ಲಾಟುಗಳಲ್ಲಿ ಬೆಕ್ಕು ಹೊಸಿಲು ದಾಟುವುದೇ ಇಲ್ಲ. ಬಟ್ಟಲಲ್ಲಿ ದಿನವಿಡೀ ಒಣ ಆಹಾರ ಇರುತ್ತದೆ, ಮಲಗಲು ಸೋಫಾ ಇರುತ್ತದೆ. ಹೀಗೆ ದಪ್ಪಗಾದ, ವಯಸ್ಸಾದ ಬೆಕ್ಕುಗಳು ಜಾಸ್ತಿ ಆದ ಹಾಗೆ, ‘ಇದಕ್ಕೆ ಡಯಾಬಿಟಿಸ್ ಇದೆ, ದಿನಕ್ಕೆ ಎರಡು ಸಲ ಇನ್ಸುಲಿನ್ ಚುಚ್ಚಬೇಕು’ ಅನ್ನುವ ಮಾತನ್ನು ಕ್ಲಿನಿಕ್ಕಿನಲ್ಲಿ ಕೇಳಿ ಗಾಬರಿ ಬೀಳುವವರೂ ಇದ್ದಾರೆ.

ಆ ಗಾಬರಿಯಲ್ಲಿ ಮೊದಲು ಹುಟ್ಟುವ ಪ್ರಶ್ನೆ ಇದು: ಇಷ್ಟು ವರ್ಷ ಲಸಿಕೆ ಹಾಕಿಸಿದ ನಮ್ಮ ಬಡಾವಣೆಯ ಡಾಕ್ಟರು ಇದನ್ನು ನೋಡಬಲ್ಲರಾ? ಇಲ್ಲ, ದೊಡ್ಡ ಆಸ್ಪತ್ರೆಯ ಸ್ಪೆಷಲಿಸ್ಟ್ ಬೇಕಾ?

ನೇರವಾಗಿ ಹೇಳುವುದಾದರೆ, ಹೆಚ್ಚಿನ ಬೆಕ್ಕುಗಳಿಗೆ ಹತ್ತಿರದ ಡಾಕ್ಟರೇ ಸಾಕು. ಆದರೆ ಅವರು ಬೆಕ್ಕನ್ನು ಬಲ್ಲವರಾಗಿರಬೇಕು, ಫೋನಿಗೆ ಸಿಗುವವರಾಗಿರಬೇಕು. ಸ್ಪೆಷಲಿಸ್ಟ್ ಬೇಕಾಗುವುದು ಉತ್ತರ ಸಿಗದ ಒಂದು ಪ್ರಶ್ನೆ ಎದುರಾದಾಗ. ಇದು ಯಾಕೆ ಹೀಗೆ ಅಂತ ಗೊತ್ತಾಗಬೇಕಾದರೆ ಕಾಯಿಲೆಯನ್ನು ಸ್ವಲ್ಪ ಅರ್ಥ ಮಾಡಿಕೊಳ್ಳಬೇಕು.

ಬೆಕ್ಕಿನ ಶುಗರ್ ಅಂದರೆ ಏನು

ತಿಂದ ಆಹಾರದಿಂದ ಬಂದ ಸಕ್ಕರೆ ರಕ್ತದಲ್ಲಿ ಓಡಾಡುತ್ತಿರುತ್ತದೆ. ಅದು ಮೈಯ ಜೀವಕೋಶಗಳ ಒಳಗೆ ಹೋದರೆ ಮಾತ್ರ ಶಕ್ತಿ ಆಗುತ್ತದೆ. ಒಳಗೆ ಹೋಗಲು ಇನ್ಸುಲಿನ್ ಬೇಕು. ಅದನ್ನು ತಯಾರಿಸುವುದು ಹೊಟ್ಟೆಯ ಹಿಂಭಾಗದಲ್ಲಿರುವ ಮೇದೋಜೀರಕ ಗ್ರಂಥಿ.

ನಾಯಿಗಳಿಗೆ ಬರುವ ಶುಗರಿನಲ್ಲಿ ಸಾಮಾನ್ಯವಾಗಿ ಇನ್ಸುಲಿನ್ ತಯಾರಿಸುವ ಕೋಶಗಳೇ ನಾಶವಾಗಿರುತ್ತವೆ. ಬೆಕ್ಕಿನದು ಬೇರೆ. ಅದು ನಮ್ಮ ಮನೆಯ ಹಿರಿಯರಿಗೆ ಬರುವ ಟೈಪ್-2 ಶುಗರಿನ ಹಾಗೆ. ಇನ್ಸುಲಿನ್ ಇರುತ್ತದೆ, ಆದರೆ ಬಾಗಿಲು ಎಷ್ಟು ಬಡಿದರೂ ಒಳಗಿನವರಿಗೆ ಕೇಳಿಸದ ಹಾಗೆ ಕೋಶಗಳು ಅದಕ್ಕೆ ಸ್ಪಂದಿಸುವುದಿಲ್ಲ. ಗ್ರಂಥಿ ಇನ್ನೂ ಜಾಸ್ತಿ ಇನ್ಸುಲಿನ್ ಮಾಡುತ್ತದೆ. ಕೊನೆಗೆ ದಣಿಯುತ್ತದೆ. ರಕ್ತದಲ್ಲಿ ಏರಿದ ಸಕ್ಕರೆಯೇ ಆ ದಣಿದ ಕೋಶಗಳಿಗೆ ಮತ್ತಷ್ಟು ಹಾನಿ ಮಾಡುತ್ತದೆ.

ಬೊಜ್ಜು, ಓಡಾಟ ಇಲ್ಲದಿರುವುದು, ಏಳೆಂಟು ವರ್ಷ ದಾಟಿದ ವಯಸ್ಸು, ಸಂತಾನಹರಣ ಆಪರೇಷನ್ ಆದ ಗಂಡು ಬೆಕ್ಕು ಆಗಿರುವುದು, ಇವೆಲ್ಲ ಅಪಾಯ ಹೆಚ್ಚಿಸುತ್ತವೆ. ಇನ್ನೊಂದು ಕಾರಣವನ್ನು ನಮ್ಮಲ್ಲಿ ಅಷ್ಟಾಗಿ ಗಮನಿಸುವುದಿಲ್ಲ. ಅದು ಸ್ಟೀರಾಯ್ಡ್. ಬಾಯಿಯ ಹುಣ್ಣು, ವಸಡಿನ ಉರಿಯೂತ, ಮೈ ತುರಿಕೆ, ಉಬ್ಬಸಕ್ಕೆ ಕೊಡುವ ಸ್ಟೀರಾಯ್ಡ್ ಇಂಜೆಕ್ಷನ್, ಅದರಲ್ಲೂ ವಾರಗಟ್ಟಲೆ ಮೈಯಲ್ಲಿ ಉಳಿಯುವ ಥರದ್ದು, ಬೆಕ್ಕಿಗೆ ಶುಗರ್ ತರಿಸಬಲ್ಲದು. ನಿಮ್ಮ ಬೆಕ್ಕಿಗೆ ಕಳೆದ ಕೆಲವು ತಿಂಗಳಲ್ಲಿ ಅಂಥದ್ದು ಕೊಟ್ಟಿದ್ದರೆ ಅದನ್ನು ಮೊದಲ ಭೇಟಿಯಲ್ಲೇ ಹೇಳಿ.

ಲಕ್ಷಣಗಳು ಗುರುತಿಸಲು ಕಷ್ಟವಲ್ಲ. ಬಟ್ಟಲಿನ ನೀರು ಬೇಗ ಖಾಲಿ ಆಗುತ್ತದೆ. ಬೆಕ್ಕು ಉಚ್ಚೆ ಮಾಡುವ ಮರಳಿನ ತಟ್ಟೆಯಲ್ಲಿ (ಲಿಟರ್ ಟ್ರೇ) ದೊಡ್ಡ ದೊಡ್ಡ ಉಂಡೆ ಕಟ್ಟುತ್ತದೆ. ಬೆಕ್ಕು ಚೆನ್ನಾಗಿ ತಿನ್ನುತ್ತದೆ, ಆದರೂ ಬೆನ್ನುಮೂಳೆ ಕೈಗೆ ಸಿಗುವಷ್ಟು ಇಳಿಯುತ್ತದೆ. ಬೆಕ್ಕು ಉಚ್ಚೆ ಮಾಡಿದ ಜಾಗಕ್ಕೆ ಇರುವೆ ಮುತ್ತಿದರೆ ಅದು ಸುಮ್ನೆ ಅಲ್ಲ. ಬೆಕ್ಕಿನ ರಕ್ತದ ಸಕ್ಕರೆ ಸುಮಾರು 250ರಿಂದ 300 ದಾಟಿದಾಗ ಮೂತ್ರಪಿಂಡಕ್ಕೆ ಅದನ್ನು ಹಿಡಿದಿಡಲು ಆಗುವುದಿಲ್ಲ, ಸಕ್ಕರೆ ಉಚ್ಚೆಯಲ್ಲಿ ಹರಿದುಹೋಗುತ್ತದೆ, ಜೊತೆಗೆ ನೀರನ್ನೂ ಎಳೆದುಕೊಂಡು ಹೋಗುತ್ತದೆ. ಕೆಲವು ಬೆಕ್ಕುಗಳು ಹಿಂಗಾಲಿನ ಹಿಮ್ಮಡಿ ನೆಲಕ್ಕೆ ಊರಿ, ಕುಕ್ಕರಿಸಿದ ಹಾಗೆ ನಡೆಯಲು ಶುರು ಮಾಡುತ್ತವೆ. ಅದು ನರಕ್ಕೆ ಪೆಟ್ಟು ಬಿದ್ದ ಸೂಚನೆ. ಶುಗರ್ ಹಿಡಿತಕ್ಕೆ ಬಂದರೆ ಇದು ನಿಧಾನವಾಗಿ ಸುಧಾರಿಸಬಹುದು.

ಒಂದೇ ಸಲದ ರೀಡಿಂಗ್ ನಂಬಬೇಡಿ

ಡಾಕ್ಟರು ಬೆಕ್ಕನ್ನು ಬಲ್ಲವರಾ ಅನ್ನುವುದು ಇಲ್ಲೇ ಗೊತ್ತಾಗುತ್ತದೆ. ಆರೋಗ್ಯವಾಗಿರುವ ಬೆಕ್ಕಿನ ಸಕ್ಕರೆ ಸಾಮಾನ್ಯವಾಗಿ 150ರ ಒಳಗೇ ಇರುತ್ತದೆ. ಆದರೆ ಬುಟ್ಟಿಯಲ್ಲಿ ಹಾಕಿ, ಆಟೋದಲ್ಲಿ ಕೂರಿಸಿ, ನಾಯಿ ಬೊಗಳುವ ಕ್ಲಿನಿಕ್ಕಿಗೆ ತಂದು, ಇಬ್ಬರು ಅದುಮಿ ಹಿಡಿದು ರಕ್ತ ತೆಗೆದರೆ ಅದೇ ಬೆಕ್ಕಿನ ಸಕ್ಕರೆ 300 ದಾಟಬಹುದು. ಹೆದರಿಕೆಯ ಹಾರ್ಮೋನುಗಳು ಮಾಡುವ ಕೆಲಸ ಅದು. ಕಾಯಿಲೆ ಅಲ್ಲ.

ಹಾಗಾಗಿ ಒಂದು ರೀಡಿಂಗ್ ನೋಡಿ ಇನ್ಸುಲಿನ್ ಶುರು ಮಾಡಬಾರದು. ಲಕ್ಷಣಗಳು ಇವೆಯಾ ನೋಡಬೇಕು, ಉಚ್ಚೆಯಲ್ಲಿ ಸಕ್ಕರೆ ಇದೆಯಾ ನೋಡಬೇಕು. ಇನ್ನೂ ಅನುಮಾನ ಇದ್ದರೆ ಫ್ರಕ್ಟೋಸಮೈನ್ ಅನ್ನುವ ರಕ್ತ ಪರೀಕ್ಷೆ ಮಾಡಿಸಬೇಕು. ನಮಗೆ ಎಚ್‌ಬಿಎ1ಸಿ ಪರೀಕ್ಷೆ ಎರಡು ಮೂರು ತಿಂಗಳ ಸರಾಸರಿ ಹೇಳುತ್ತದೆ, ಅಲ್ವಾ? ಬೆಕ್ಕಿಗೆ ಫ್ರಕ್ಟೋಸಮೈನ್ ಹಿಂದಿನ ಒಂದೆರಡು ವಾರದ ಸರಾಸರಿ ಹೇಳುತ್ತದೆ. ಆ ಒಂದು ಗಳಿಗೆಯ ಹೆದರಿಕೆ ಅದರ ಮೇಲೆ ಪರಿಣಾಮ ಮಾಡುವುದಿಲ್ಲ.

ಇದಕ್ಕೆಲ್ಲ ಸ್ಪೆಷಲಿಸ್ಟ್ ಬೇಕಿಲ್ಲ. ರಕ್ತ ತೆಗೆದು ಲ್ಯಾಬಿಗೆ ಕಳಿಸುವ ಯಾವ ಕ್ಲಿನಿಕ್ಕಿನಲ್ಲಾದರೂ ಆಗುತ್ತದೆ. ‘ಉಚ್ಚೆ ಪರೀಕ್ಷೆ ಮಾಡೋಣವಾ, ಫ್ರಕ್ಟೋಸಮೈನ್ ನೋಡೋಣವಾ’ ಅಂತ ನೀವೇ ಕೇಳಬಹುದು. ಯಾಕೆ ಬೇಕು ಅಥವಾ ಈ ಬೆಕ್ಕಿಗೆ ಯಾಕೆ ಬೇಡ ಅಂತ ಡಾಕ್ಟರು ವಿವರಿಸಿದರೆ ಒಳ್ಳೆಯದು. ಸಿಡುಕಿದರೆ ಅದನ್ನೂ ಗಮನದಲ್ಲಿ ಇಟ್ಟುಕೊಳ್ಳಿ.

ಚಿಕಿತ್ಸೆ ನಡೆಯುವುದು ನಿಮ್ಮ ಮನೆಯಲ್ಲಿ

ಇನ್ಸುಲಿನ್ ಚುಚ್ಚುವುದು ನೀವು. ಊಟ ಹಾಕುವುದು ನೀವು. ಬೆಕ್ಕು ಇವತ್ತು ಮಂಕಾಗಿದೆ ಅಂತ ಮೊದಲು ಕಾಣುವುದೂ ನಿಮಗೇ. ಡಾಕ್ಟರ ಕೆಲಸ ಅಂದರೆ ನೀವು ಕೊಡುವ ಮಾಹಿತಿ ನೋಡಿ ಡೋಸ್ ಹೇಳುವುದು, ಅದನ್ನು ಆಗಾಗ ಬದಲಿಸುವುದು. ಮೊದಲ ಎರಡು ಮೂರು ತಿಂಗಳು ಈ ಬದಲಾವಣೆ ಮತ್ತೆ ಮತ್ತೆ ಆಗುತ್ತದೆ. ಅದಕ್ಕೇ ಹತ್ತಿರ ಇರುವ, ಮಾತಿಗೆ ಸಿಗುವ ಡಾಕ್ಟರಿಗೆ ಇಷ್ಟು ಬೆಲೆ. ನಗರದ ಇನ್ನೊಂದು ತುದಿಯಲ್ಲಿ, ಮೂರು ವಾರಕ್ಕೊಮ್ಮೆ ಅಪಾಯಿಂಟ್‌ಮೆಂಟ್ ಸಿಗುವ ಎಷ್ಟೇ ದೊಡ್ಡ ಹೆಸರಿನವರಿಂದಲೂ ಈ ದಿನದಿನದ ಕೆಲಸ ಆಗುವುದಿಲ್ಲ.

ಬೆಕ್ಕುಗಳಿಗೆ ತುಂಬಾ ಕಡೆ ಬಳಸುವುದು ಗ್ಲಾರ್ಜಿನ್ ಅನ್ನುವ, ಮನುಷ್ಯರಿಗೇ ಮಾಡಿದ ಇನ್ಸುಲಿನ್. ಅದು ನಿಧಾನವಾಗಿ, ತುಂಬಾ ಹೊತ್ತು ಕೆಲಸ ಮಾಡುತ್ತದೆ. ನಮ್ಮ ಮೆಡಿಕಲ್ ಸ್ಟೋರುಗಳಲ್ಲಿ ಲ್ಯಾಂಟಸ್ ಹೆಸರಲ್ಲಿ ಸಿಗುತ್ತದೆ. ಬೆಂಗಳೂರಿನ ಬಯೋಕಾನ್ ಕಂಪನಿ 2009ರಲ್ಲಿ ಬಾಸಲಾಗ್ ಅನ್ನುವ ಹೆಸರಲ್ಲಿ ಇದನ್ನೇ ಮಾರುಕಟ್ಟೆಗೆ ತಂದಿತು. ಬೆಕ್ಕಿಗೆ ಸಾಮಾನ್ಯವಾಗಿ 12 ಗಂಟೆಗೊಮ್ಮೆ, ಒಂದು ಯೂನಿಟ್ ಆಸುಪಾಸಿನಿಂದ ಶುರು ಮಾಡುತ್ತಾರೆ. ಎಷ್ಟು ಅನ್ನುವುದನ್ನು ಡಾಕ್ಟರೇ ಹೇಳಬೇಕು.

ಇಲ್ಲಿ ಒಂದು ವಿಷಯವನ್ನು ಒತ್ತಿ ಹೇಳಲೇಬೇಕು. ಭಾರತದಲ್ಲಿ ಎರಡು ಬಗೆಯ ಇನ್ಸುಲಿನ್ ಬಾಟಲಿಗಳಿವೆ. ಒಂದು ಮಿಲಿಲೀಟರಿನಲ್ಲಿ 40 ಯೂನಿಟ್ ಇರುವುದು ಒಂದು, 100 ಯೂನಿಟ್ ಇರುವುದು ಇನ್ನೊಂದು. ಎರಡಕ್ಕೂ ಬೇರೆ ಬೇರೆ ಸಿರಿಂಜ್. ಯು-40 ಸಿರಿಂಜಿಗೆ ಕೆಂಪು ಮುಚ್ಚಳ, ಯು-100 ಸಿರಿಂಜಿಗೆ ಕಿತ್ತಳೆ ಬಣ್ಣದ ಮುಚ್ಚಳ. ಗ್ಲಾರ್ಜಿನ್ 100 ಯೂನಿಟ್‌ನದ್ದು. ಅದನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ 2ರ ಗೆರೆಯವರೆಗೆ ಎಳೆದರೆ ಬೆಕ್ಕಿನ ಮೈಗೆ ಹೋಗುವುದು 2 ಯೂನಿಟ್ ಅಲ್ಲ, 5 ಯೂನಿಟ್. ನಾಲ್ಕು ಕಿಲೋ ಬೆಕ್ಕಿನ ಜೀವಕ್ಕೆ ಕುತ್ತು ತರಲು ಇಷ್ಟು ಸಾಕು. ಅಂಗಡಿಯವರು ‘ಇದೂ ಇನ್ಸುಲಿನ್ ಸಿರಿಂಜೇ’ ಅಂತ ಯಾವುದೋ ಒಂದು ಕೊಟ್ಟರೆ ತಗೊಳ್ಳಬೇಡಿ. ಬಾಟಲಿಯ ಮೇಲಿನ ಸಂಖ್ಯೆ, ಸಿರಿಂಜಿನ ಮೇಲಿನ ಸಂಖ್ಯೆ ಒಂದೇ ಇರಬೇಕು. ಅರ್ಧ ಯೂನಿಟ್ ಗೆರೆ ಇರುವ ಚಿಕ್ಕ ಸಿರಿಂಜ್ ಸಿಕ್ಕರೆ ಇನ್ನೂ ಒಳ್ಳೆಯದು, ಬೆಕ್ಕಿಗೆ ಕಾಲು ಅರ್ಧದ ವ್ಯತ್ಯಾಸವೂ ದೊಡ್ಡದೇ.

ಊಟದ ವಿಷಯ. ಬೆಕ್ಕು ಹುಟ್ಟಿನಿಂದಲೇ ಮಾಂಸಾಹಾರಿ. ನಮ್ಮ ಎಷ್ಟೋ ಮನೆಗಳಲ್ಲಿ ಬೆಕ್ಕಿಗೆ ಹಾಲು ಅನ್ನ, ಮೊಸರನ್ನ ಹಾಕುವುದು ರೂಢಿ. ಶುಗರ್ ಇರುವ ಬೆಕ್ಕಿಗೆ ಅನ್ನ ಒಳ್ಳೆಯದಲ್ಲ. ಒಣ ಆಹಾರದ ಕಾಳುಗಳಿಗೂ ಗಟ್ಟಿ ಆಕಾರ ಬರಬೇಕಾದರೆ ಪಿಷ್ಟ ಸೇರಿಸಲೇಬೇಕು. ಅದಕ್ಕೇ ಡಾಕ್ಟರುಗಳು ಪ್ರೋಟೀನ್ ಜಾಸ್ತಿ, ಪಿಷ್ಟ ಕಡಿಮೆ ಇರುವ ಒದ್ದೆ ಆಹಾರ ಹೇಳುತ್ತಾರೆ. ಆದರೆ ಇನ್ಸುಲಿನ್ ನಡೆಯುತ್ತಿರುವಾಗ ಡಾಕ್ಟರಿಗೆ ಹೇಳದೆ ಏಕಾಏಕಿ ಊಟ ಬದಲಿಸಬೇಡಿ. ಪಿಷ್ಟ ಕಡಿಮೆ ಆದ ಕೂಡಲೇ ಇನ್ಸುಲಿನ್ ಅಗತ್ಯವೂ ಕಡಿಮೆ ಆಗಬಹುದು, ಹಳೆಯ ಡೋಸೇ ಆಗ ಅತಿಯಾಗುತ್ತದೆ.

ಇನ್ನು ಸಕ್ಕರೆ ಅಳೆಯುವುದು. ಬೆಕ್ಕಿನ ಕಿವಿಯ ಅಂಚಿನಲ್ಲಿ ಚಿಕ್ಕ ರಕ್ತನಾಳ ಇದೆ. ಅಲ್ಲಿ ಸಣ್ಣಗೆ ಚುಚ್ಚಿ ಒಂದು ಹನಿ ರಕ್ತ ತೆಗೆಯಬಹುದು. ನೋಡಲು ಕಷ್ಟ ಅನ್ನಿಸುತ್ತದೆ, ಹೆಚ್ಚಿನ ಬೆಕ್ಕುಗಳು ಇದಕ್ಕೆ ಹೊಂದಿಕೊಳ್ಳುತ್ತವೆ. ನಮ್ಮ ಗ್ಲುಕೋಮೀಟರ್ ಬೆಕ್ಕಿನ ಸಕ್ಕರೆಯನ್ನು ಸಾಮಾನ್ಯವಾಗಿ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಪ್ರಾಣಿಗಳಿಗೇ ಮಾಡಿದ ಮೀಟರುಗಳೂ ಇವೆ. ಯಾವುದನ್ನು ಬಳಸುತ್ತಿದ್ದೀರಿ ಅಂತ ಡಾಕ್ಟರಿಗೆ ಗೊತ್ತಿರಬೇಕು, ಮೀಟರನ್ನು ಮಧ್ಯೆ ಬದಲಿಸಬಾರದು, ಅಷ್ಟೇ. ಮನುಷ್ಯರು ತೋಳಿಗೆ ಅಂಟಿಸಿಕೊಳ್ಳುವ ಫ್ರೀಸ್ಟೈಲ್ ಲಿಬ್ರೆ ಥರದ ಸೆನ್ಸರನ್ನು ಬೆಕ್ಕಿಗೂ ಹಾಕುತ್ತಾರೆ. ಕೂದಲು ಬೋಳಿಸಿ ಅಂಟಿಸಿದರೆ ಕೆಲವು ದಿನ ಹಗಲು ರಾತ್ರಿ ರೀಡಿಂಗ್ ಸಿಗುತ್ತದೆ. ನಮಗೆ 14 ದಿನ ಬರುವುದು ಬೆಕ್ಕಿಗೆ ಎಷ್ಟೋ ಸಲ ಅಷ್ಟು ಬಾಳುವುದಿಲ್ಲ, ಅವು ಕಿತ್ತು ಹಾಕುತ್ತವೆ.

ಇಷ್ಟೆಲ್ಲ ಒದ್ದಾಟ ಯಾಕೆ ಅಂತೀರಾ? ಬೆಕ್ಕಿನ ಶುಗರಿನಲ್ಲಿ ಒಂದು ದೊಡ್ಡ ಆಸೆ ಇದೆ. ಬೇಗ ಪತ್ತೆಯಾಗಿ, ಸರಿಯಾದ ಊಟ ಮತ್ತು ಇನ್ಸುಲಿನ್ ಸಿಕ್ಕರೆ ದಣಿದ ಗ್ರಂಥಿ ಚೇತರಿಸಿಕೊಂಡು ಎಷ್ಟೋ ಬೆಕ್ಕುಗಳು ಇನ್ಸುಲಿನ್ ಇಲ್ಲದೆಯೇ ಬದುಕುತ್ತವೆ. ಗ್ಲಾರ್ಜಿನ್ ಕೊಟ್ಟು, ಮನೆಯಲ್ಲೇ ದಿನವೂ ಸಕ್ಕರೆ ನೋಡಿ ಬಿಗಿಯಾಗಿ ನಿಭಾಯಿಸಿದ ಬೆಕ್ಕುಗಳ ಬಗ್ಗೆ 2009ರಲ್ಲಿ ಬಂದ ಒಂದು ಅಧ್ಯಯನದಲ್ಲಿ, ಕಾಯಿಲೆ ಪತ್ತೆಯಾದ 6 ತಿಂಗಳ ಒಳಗೆ ಈ ಕ್ರಮ ಶುರು ಮಾಡಿದವುಗಳಲ್ಲಿ 84% ಇನ್ಸುಲಿನ್ ಬಿಟ್ಟವು. ತಡವಾಗಿ ಶುರು ಮಾಡಿದವುಗಳಲ್ಲಿ 35% ಮಾತ್ರ. ಎಲ್ಲ ಕಡೆ ಇಷ್ಟು ಒಳ್ಳೆಯ ಫಲ ಸಿಗುವುದಿಲ್ಲ. ಆದರೆ ಒಂದು ಮಾತು ಸ್ಪಷ್ಟ. ಸ್ಪೆಷಲಿಸ್ಟ್ ಅಪಾಯಿಂಟ್‌ಮೆಂಟಿಗೆ ಕಾಯುತ್ತಾ ಮೊದಲ ಎರಡು ತಿಂಗಳು ಕಳೆಯುವುದಕ್ಕಿಂತ, ಹತ್ತಿರದ ಡಾಕ್ಟರ ಜೊತೆ ಇವತ್ತೇ ಶುರು ಮಾಡುವುದು ಬೆಕ್ಕಿಗೆ ಒಳ್ಳೆಯದು.

ಹತ್ತಿರದ ಡಾಕ್ಟರಲ್ಲಿ ಏನು ನೋಡಬೇಕು

ಬೋರ್ಡಿನ ಮೇಲಿನ ಡಿಗ್ರಿಗಿಂತ ಅವರ ದಿನದ ಕೆಲಸ ಏನು ಅನ್ನುವುದು ಮುಖ್ಯ. ತಾಲ್ಲೂಕಿನ ಸರ್ಕಾರಿ ಪಶು ಆಸ್ಪತ್ರೆಯ ಡಾಕ್ಟರು ಹಸು, ಎಮ್ಮೆ, ಕುರಿಗಳ ವಿಷಯದಲ್ಲಿ ಪಳಗಿದ ಕೈ ಆಗಿರುತ್ತಾರೆ. ಕಷ್ಟದ ಹೆರಿಗೆಯನ್ನು ಕೊಟ್ಟಿಗೆಯಲ್ಲೇ ನಿಂತು ಮಾಡಿಸಬಲ್ಲರು. ಅವರಿಗೆ ವರ್ಷಕ್ಕೆ ಒಂದು ಶುಗರ್ ಬೆಕ್ಕೂ ಸಿಗದೇ ಇರಬಹುದು. ಹಾಗಾಗಿ ಸಂಕೋಚ ಪಡದೆ ಕೇಳಿ: ‘ಡಾಕ್ಟ್ರೇ, ಶುಗರ್ ಇರುವ ಬೆಕ್ಕುಗಳನ್ನು ನೀವು ನೋಡುತ್ತಿರುತ್ತೀರಾ? ಈಗ ಯಾವುದಾದರೂ ಇನ್ಸುಲಿನ್ ಮೇಲೆ ಇದೆಯಾ?’

ಚುಚ್ಚುವುದು ಹೇಗೆ ಅಂತ ಕೂತು ಕಲಿಸುತ್ತಾರಾ, ನಿಮ್ಮ ಕೈಯಿಂದಲೇ ಒಂದು ಸಲ ಮಾಡಿಸಿ ನೋಡುತ್ತಾರಾ? ಮನೆಯಲ್ಲಿ ಸಕ್ಕರೆ ನೋಡಿ ಅಂತ ಅವರೇ ಹೇಳುತ್ತಾರಾ? ನೀವು ವಾಟ್ಸಾಪಿನಲ್ಲಿ ಕಳಿಸಿದ ರೀಡಿಂಗ್ ನೋಡಿ ಒಂದು ದಿನದೊಳಗೆ ಉತ್ತರ ಕೊಡುತ್ತಾರಾ? ಡೋಸ್ ಏರಿಸುವ ಮೊದಲು ಇಡೀ ದಿನದ ರೀಡಿಂಗ್ ಕೇಳುತ್ತಾರಾ? ಈ ಕೊನೆಯ ಪ್ರಶ್ನೆ ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ. 12 ಗಂಟೆ, ಎರಡು ಗಂಟೆಗೊಮ್ಮೆ ಸಕ್ಕರೆ ಅಳೆದು ಗ್ರಾಫ್ ಮಾಡಿದರೆ ಇನ್ಸುಲಿನ್ ಎಷ್ಟು ಕೆಳಗೆ ಇಳಿಸುತ್ತದೆ, ಎಷ್ಟು ಹೊತ್ತು ಕೆಲಸ ಮಾಡುತ್ತದೆ ಅನ್ನುವುದು ಕಾಣುತ್ತದೆ. ಬೆಳಿಗ್ಗೆಯ ಒಂದು ರೀಡಿಂಗ್ ಮಾತ್ರ ನೋಡಿ ಡೋಸ್ ಏರಿಸುತ್ತಾ ಹೋದರೆ, ಮಧ್ಯಾಹ್ನ ಸಕ್ಕರೆ ಪಾತಾಳಕ್ಕೆ ಇಳಿಯುತ್ತಿರುವುದು ಯಾರಿಗೂ ಗೊತ್ತಾಗುವುದಿಲ್ಲ.

‘ಇದರಲ್ಲಿ ನನಗೆ ಅನುಭವ ಕಡಿಮೆ, ಇಂಥವರನ್ನು ಕೇಳಿ ಹೇಳುತ್ತೇನೆ’ ಅನ್ನುವ ಡಾಕ್ಟರನ್ನು ಬಿಡಬೇಡಿ. ಅವರು ನಿಮ್ಮ ಬೆಕ್ಕಿನ ಪಾಲಿಗೆ ಒಳ್ಳೆಯವರು.

ಸ್ಪೆಷಲಿಸ್ಟ್ ಅಂದರೆ ಯಾರು

ನಮ್ಮ ದೇಶದಲ್ಲಿ ಪಶುವೈದ್ಯರಾಗಲು ಬಿ.ವಿ.ಎಸ್ಸಿ. ಅಂಡ್ ಎ.ಎಚ್. ಪದವಿ ಬೇಕು. ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ. ಆಮೇಲೆ ರಾಜ್ಯದ ಪಶುವೈದ್ಯ ಪರಿಷತ್ತಿನಲ್ಲಿ ನೋಂದಣಿ ಆಗಬೇಕು. ಇದರ ಮೇಲೆ ಎರಡು ವರ್ಷ ಒಂದು ವಿಷಯವನ್ನು ಆಳವಾಗಿ ಓದಿದರೆ ಎಂ.ವಿ.ಎಸ್ಸಿ. ಶುಗರಿಗೆ ಹೊಂದುವುದು ವೆಟರ್ನರಿ ಮೆಡಿಸಿನ್ ವಿಭಾಗದ ಎಂ.ವಿ.ಎಸ್ಸಿ. ಸರ್ಜರಿಯಲ್ಲೋ ಗರ್ಭಶಾಸ್ತ್ರದಲ್ಲೋ ಎಂ.ವಿ.ಎಸ್ಸಿ. ಮಾಡಿದವರೂ ಸ್ಪೆಷಲಿಸ್ಟೇ. ಆದರೆ ಅವರ ಸ್ಪೆಷಾಲಿಟಿ ಬೇರೆ. ಮೆಡಿಸಿನ್ ಓದಿದವರೂ ದನಗಳ ಕಾಯಿಲೆಯ ಮೇಲೆ ಪ್ರಬಂಧ ಬರೆದು ಬಂದಿರಬಹುದು. ಆದ್ದರಿಂದ ‘ಸ್ಪೆಷಲಿಸ್ಟ್’ ಅನ್ನುವ ಬೋರ್ಡ್ ಕಂಡರೆ, ಯಾವುದರಲ್ಲಿ ಅಂತ ಕೇಳುವುದು ನಿಮ್ಮ ಹಕ್ಕು.

ಅಮೆರಿಕದಲ್ಲಿ ಇರುವ ಕನ್ನಡಿಗರಿಗೆ ವ್ಯವಸ್ಥೆ ಬೇರೆ. ಅಲ್ಲಿ ಇಂಟರ್ನಲ್ ಮೆಡಿಸಿನ್ ಸ್ಪೆಷಲಿಸ್ಟ್ ಅನ್ನಿಸಿಕೊಳ್ಳಲು ಡಿಗ್ರಿಯ ಮೇಲೆ ಇಂಟರ್ನ್‌ಶಿಪ್, ರೆಸಿಡೆನ್ಸಿ ಮುಗಿಸಿ, ಎಸಿವಿಐಎಂ ಅನ್ನುವ ಮಂಡಳಿಯ ಪರೀಕ್ಷೆ ಪಾಸಾಗಬೇಕು. ಸಾಮಾನ್ಯವಾಗಿ ಮಾಮೂಲಿ ಡಾಕ್ಟರು ಪತ್ರ ಕೊಟ್ಟು ಕಳಿಸುತ್ತಾರೆ.

ಕರ್ನಾಟಕದಲ್ಲಿ ಪಶುವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳನ್ನು ಜನ ಮರೆಯುತ್ತಾರೆ. ಬೆಂಗಳೂರಿನ ಹೆಬ್ಬಾಳ, ಶಿವಮೊಗ್ಗ, ಹಾಸನ, ಬೀದರ್‌ನಲ್ಲಿ ಇರುವ ಕಾಲೇಜುಗಳು ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದವು. ಅಲ್ಲಿ ಮೆಡಿಸಿನ್ ವಿಭಾಗದ ಪ್ರಾಧ್ಯಾಪಕರು ಇರುತ್ತಾರೆ. ಸರದಿಯಲ್ಲಿ ಕಾಯಬೇಕು, ವಿದ್ಯಾರ್ಥಿಗಳ ಗುಂಪು ಸುತ್ತ ನಿಲ್ಲುತ್ತದೆ, ಬೆಕ್ಕಿಗೆ ಅದು ಇಷ್ಟವಾಗಲಿಕ್ಕಿಲ್ಲ. ಆದರೂ ಕಷ್ಟದ ಕೇಸಿನಲ್ಲಿ ಒಂದು ಅಭಿಪ್ರಾಯ ಕೇಳಲು ಒಳ್ಳೆಯ ಜಾಗ.

ಯಾವಾಗ ಸ್ಪೆಷಲಿಸ್ಟ್ ಬೇಕೇ ಬೇಕು

ಹೊರಡುವ ಮೊದಲು ಮನೆಯಲ್ಲೇ ಕೆಲವು ವಿಷಯ ನೋಡಿಕೊಳ್ಳಿ. ‘ಇನ್ಸುಲಿನ್ ಕೆಲಸ ಮಾಡುತ್ತಿಲ್ಲ’ ಅನ್ನುವುದರ ಹಿಂದೆ ಎಷ್ಟೋ ಸಲ ತೀರಾ ಸಾದಾ ಕಾರಣ ಇರುತ್ತದೆ. ಬಾಟಲಿ ಹಳೆಯದಾಗಿರುತ್ತದೆ. ಫ್ರೀಜರಿನ ಪಕ್ಕ ಇಟ್ಟು ಹೆಪ್ಪುಗಟ್ಟಿರುತ್ತದೆ, ಇಲ್ಲವೇ ಬೇಸಿಗೆಯಲ್ಲಿ ಕರೆಂಟ್ ಹೋಗಿ ಬಿಸಿಯಾಗಿರುತ್ತದೆ. ಸೂಜಿ ಚರ್ಮದ ಮಡಿಕೆಯನ್ನು ದಾಟಿ ಆ ಕಡೆಯ ಕೂದಲಿಗೆ ಔಷಧ ಚೆಲ್ಲಿರುತ್ತದೆ. ಅಥವಾ ಅಜ್ಜಿ ಪ್ರೀತಿಯಿಂದ ಮಧ್ಯಾಹ್ನ ಒಂದು ತುತ್ತು ಮೊಸರನ್ನ ಹಾಕುತ್ತಿರುತ್ತಾರೆ. ಹೊಸ ಬಾಟಲಿ ತಂದು, ಡಾಕ್ಟರ ಎದುರಿಗೇ ಒಂದು ಸಲ ಚುಚ್ಚಿ ತೋರಿಸಿ. ಹಲ್ಲು, ವಸಡು, ಉಚ್ಚೆಯ ಸೋಂಕು, ಇವನ್ನೂ ಹತ್ತಿರದ ಡಾಕ್ಟರೇ ನೋಡಬಲ್ಲರು. ಎಲ್ಲಿ ಸೋಂಕು ಇದ್ದರೂ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ.

ಇದೆಲ್ಲ ಸರಿ ಇದ್ದೂ ಡೋಸ್ ಏರುತ್ತಲೇ ಹೋಗುತ್ತಿದೆ, ಒಂದು ಕಿಲೋ ತೂಕಕ್ಕೆ ಒಂದೂವರೆ ಯೂನಿಟ್ ಮೀರಿದರೂ ಸಕ್ಕರೆ ಇಳಿಯುತ್ತಿಲ್ಲ ಅಂದರೆ ಒಳಗೆ ಬೇರೇನೋ ಇದೆ ಅಂತ ಅರ್ಥ. ಸ್ಪೆಷಲಿಸ್ಟ್ ಉಪಯೋಗಕ್ಕೆ ಬರುವುದು ಇಲ್ಲೇ.

ಅಂಥ ಕಾರಣಗಳಲ್ಲಿ ಒಂದು ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಲ್ಲಿ ಬೆಳೆಯುವ ಸಣ್ಣ ಗಡ್ಡೆ. ಅದು ಬೆಳವಣಿಗೆಯ ಹಾರ್ಮೋನನ್ನು ಅತಿಯಾಗಿ ಸುರಿಸುತ್ತದೆ, ಆ ಹಾರ್ಮೋನು ಇನ್ಸುಲಿನ್‌ಗೆ ಅಡ್ಡ ನಿಲ್ಲುತ್ತದೆ. ಇದು ಅಪರೂಪ ಅಂತ ಬಹಳ ಕಾಲ ಅಂದುಕೊಂಡಿದ್ದರು. ಲಂಡನ್ನಿನ ರಾಯಲ್ ವೆಟರ್ನರಿ ಕಾಲೇಜಿನವರು ಬ್ರಿಟನ್ನಿನ 1,221 ಶುಗರ್ ಬೆಕ್ಕುಗಳ ರಕ್ತ ಪರೀಕ್ಷಿಸಿ 2015ರಲ್ಲಿ ವರದಿ ಕೊಟ್ಟರು. ಸುಮಾರು ನಾಲ್ಕರಲ್ಲಿ ಒಂದು ಬೆಕ್ಕಿನಲ್ಲಿ ಐಜಿಎಫ್-1 ಅನ್ನುವ, ಬೆಳವಣಿಗೆಯ ಹಾರ್ಮೋನು ಹೆಚ್ಚಿದಾಗ ರಕ್ತದಲ್ಲಿ ಏರುವ ಅಂಶ, ಈ ಕಾಯಿಲೆಯನ್ನು ಅನುಮಾನಿಸಬೇಕಾದಷ್ಟು ಹೆಚ್ಚಿತ್ತು. ಶುಗರ್ ಹಿಡಿತದಲ್ಲಿ ಇಲ್ಲದ ಬೆಕ್ಕು ಸೊರಗಬೇಕು. ಅದು ಬಿಟ್ಟು ತೂಕ ಹೆಚ್ಚುತ್ತಿದ್ದರೆ, ಮುಖ ಅಗಲವಾಗಿ ಪಾದ ದೊಡ್ಡದಾಗುತ್ತಿದ್ದರೆ ಈ ಅನುಮಾನ ಬರಬೇಕು. ಬಾಹ್ಯ ಬದಲಾವಣೆ ಏನೂ ಕಾಣದೆಯೂ ಈ ಕಾಯಿಲೆ ಇರಬಹುದು. ಪರೀಕ್ಷೆಯನ್ನು ಯಾವಾಗ ಮಾಡಬೇಕು ಅನ್ನುವುದರಲ್ಲೂ ಸೂಕ್ಷ್ಮ ಇದೆ. ಇನ್ಸುಲಿನ್ ಶುರು ಮಾಡುವ ಮೊದಲೇ ಮಾಡಿದರೆ ಐಜಿಎಫ್-1 ಸುಳ್ಳೇ ಕಡಿಮೆ ಬರಬಹುದು. ಆರೆಂಟು ವಾರ ಇನ್ಸುಲಿನ್ ಕೊಟ್ಟ ಮೇಲೆ ನೋಡುವುದು ವಾಸಿ. ಇಂಥ ಸೂಕ್ಷ್ಮ ಗೊತ್ತಿರುವವರಿಗೇ ಫೀಸು ಕೊಡುವುದು.

ಕೀಟೋಅಸಿಡೋಸಿಸ್ ಅನ್ನುವ ಸ್ಥಿತಿ ಒಂದಕ್ಕಿಂತ ಹೆಚ್ಚು ಸಲ ಬಂದರೂ ಸ್ಪೆಷಲಿಸ್ಟ್ ನೋಡಬೇಕು. ಇನ್ಸುಲಿನ್ ಸಾಲದೆ ಮೈ ಕೊಬ್ಬನ್ನು ಸುಡಲು ಶುರು ಮಾಡಿ, ರಕ್ತದಲ್ಲಿ ಆಮ್ಲ ಸೇರಿಕೊಳ್ಳುವ ಸ್ಥಿತಿ ಅದು. ಮೂತ್ರಪಿಂಡದ ಅಥವಾ ಹೃದಯದ ಕಾಯಿಲೆ, ಇಲ್ಲವೇ ಮೇದೋಜೀರಕದ ಉರಿಯೂತ ಶುಗರ್ ಜೊತೆಗೇ ಇದ್ದಾಗಲೂ ಅಷ್ಟೇ. ಒಂದರ ಔಷಧ ಇನ್ನೊಂದಕ್ಕೆ ಆಗಿಬರುವುದಿಲ್ಲ. ಉಬ್ಬಸಕ್ಕೆ ಸ್ಟೀರಾಯ್ಡ್ ಬಿಡಲಾಗದ ಬೆಕ್ಕಿನ ಕಥೆಯೂ ಹೀಗೆಯೇ. ಕಾರಣ ತಿಳಿಯದೆ ಸಕ್ಕರೆ ಮತ್ತೆ ಮತ್ತೆ ತೀರಾ ಕೆಳಗೆ ಬೀಳುತ್ತಿದ್ದರೂ ಹೋಗಿ.

ಇನ್ನು ಮಾತ್ರೆ. ಚುಚ್ಚುವುದು ಬೇಡ, ಬಾಯಿಗೆ ಹಾಕುವ ಔಷಧ ಇಲ್ಲವಾ ಅಂತ ಎಲ್ಲರೂ ಕೇಳುತ್ತಾರೆ. ಬೆಕ್ಕುಗಳಿಗಾಗಿಯೇ ಮಾಡಿದ ಬೆಕ್ಸಾಗ್ಲಿಫ್ಲೋಜಿನ್ ಮಾತ್ರೆಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2022ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು. ವೆಲಾಗ್ಲಿಫ್ಲೋಜಿನ್ ಅನ್ನುವ ದ್ರವಕ್ಕೆ 2023ರಲ್ಲಿ ಒಪ್ಪಿಗೆ ಸಿಕ್ಕಿತು. ಇವು ಹೆಚ್ಚುವರಿ ಸಕ್ಕರೆಯನ್ನು ಉಚ್ಚೆಯಲ್ಲಿ ಹೊರಗೆ ಹಾಕಿಸುತ್ತವೆ. ಎಲ್ಲ ಬೆಕ್ಕುಗಳಿಗೂ ಆಗುವುದಿಲ್ಲ. ಮೊದಲೇ ಇನ್ಸುಲಿನ್ ಪಡೆದಿದ್ದ ಬೆಕ್ಕಿಗೆ ಅಮೆರಿಕದಲ್ಲಿ ಇವುಗಳ ಅನುಮತಿ ಇಲ್ಲ. ಸಕ್ಕರೆ ಸರಿ ಇದ್ದಂತೆ ಕಾಣುತ್ತಿರುವಾಗಲೇ ಕೀಟೋಅಸಿಡೋಸಿಸ್ ಆಗುವ ಅಪಾಯ ಇರುವುದರಿಂದ ಶುರುವಿನಲ್ಲಿ ಬಿಗಿಯಾದ ನಿಗಾ ಬೇಕು. ಇದನ್ನು ಯೋಚಿಸುವುದಾದರೆ ಸ್ಪೆಷಲಿಸ್ಟ್ ಸಲಹೆ ಇರಲಿ. ಮನೆಯಲ್ಲಿ ಅಪ್ಪನಿಗೆ ತಂದಿಟ್ಟ ಶುಗರ್ ಮಾತ್ರೆಯನ್ನು ಬೆಕ್ಕಿಗೆ ತುಂಡು ಮಾಡಿ ಕೊಡುವುದಂತೂ ಬೇಡವೇ ಬೇಡ.

ದೂರದ ಊರಿನವರು

ಸಾಗರದಿಂದಲೋ ಗಂಗಾವತಿಯಿಂದಲೋ ರಾತ್ರಿ ಬಸ್ಸಿನಲ್ಲಿ ಬೆಕ್ಕನ್ನು ಬೆಂಗಳೂರಿಗೆ ತಂದು, ಬೆಳಿಗ್ಗೆ ಸಕ್ಕರೆ ನೋಡಿಸಿದರೆ ಸಿಗುವುದು ಪ್ರಯಾಣದ ಹೆದರಿಕೆಯ ಸಂಖ್ಯೆ. ಅದರ ಮೇಲೆ ಡೋಸ್ ನಿರ್ಧಾರ ಆಗಬಾರದು. ಬೆಕ್ಕನ್ನು ಮನೆಯಲ್ಲೇ ಬಿಟ್ಟು ಅದರ ದಾಖಲೆಗಳನ್ನು ಕಳಿಸುವುದೇ ಎಷ್ಟೋ ಸಲ ಹೆಚ್ಚು ಉಪಯೋಗ. ಊರಿನ ಡಾಕ್ಟರು ಸ್ಪೆಷಲಿಸ್ಟ್ ಜೊತೆ ಫೋನಿನಲ್ಲಿ ಮಾತಾಡಬಹುದು. ಅವರು ಮೈ ಮುಟ್ಟಿ ನೋಡುತ್ತಾರೆ, ಇವರು ರೀಡಿಂಗ್ ಓದಿ ದಾರಿ ಹೇಳುತ್ತಾರೆ. ಸ್ಕ್ಯಾನ್ ಆಗಬೇಕು, ಅಡ್ಮಿಟ್ ಮಾಡಬೇಕು ಅಂದಾಗ ಮಾತ್ರ ಪ್ರಯಾಣ ಮಾಡಿ.

ಕಳಿಸುವ ದಾಖಲೆ ಚೆನ್ನಾಗಿರಬೇಕು. ಒಂದು ನೋಟ್‌ಬುಕ್ ಸಾಕು. ದಿನಾಂಕ, ಹೊತ್ತು, ಸಕ್ಕರೆ ಎಷ್ಟು, ಇನ್ಸುಲಿನ್ ಎಷ್ಟು, ಏನು ತಿಂದಿತು, ವಾರಕ್ಕೊಮ್ಮೆ ತೂಕ. ಇನ್ಸುಲಿನ್ ಬಾಟಲಿ ಮತ್ತು ಸಿರಿಂಜಿನ ಫೋಟೊ ಜೊತೆಗಿರಲಿ. ಹಿಂದಿನ ಒಂದು ವರ್ಷದಲ್ಲಿ ಕೊಟ್ಟ ಎಲ್ಲ ಔಷಧದ ಚೀಟಿಗಳೂ ಇರಲಿ, ಚರ್ಮಕ್ಕೆ ಹಚ್ಚಿದ ಮುಲಾಮೂ ಸೇರಿ. ನಡಿಗೆ ಬದಲಾಗಿದ್ದರೆ ಒಂದು ವಿಡಿಯೊ ಮಾಡಿ. ಇಷ್ಟು ಕೈಯಲ್ಲಿದ್ದರೆ ಸ್ಪೆಷಲಿಸ್ಟ್ ನಿಮಗೆ ಕೊಡುವ ಅರ್ಧ ಗಂಟೆ ಹಳೆಯ ಕಥೆ ಕೇಳುವುದರಲ್ಲೇ ಮುಗಿದುಹೋಗುವುದಿಲ್ಲ.

ಇಬ್ಬರು ಡಾಕ್ಟರು ಇದ್ದಾಗ

ಡೋಸ್ ಹೇಳುವವರು ಒಬ್ಬರೇ ಇರಬೇಕು. ಇವರು ಒಂದು ಹೇಳಿ, ಅವರು ಇನ್ನೊಂದು ಹೇಳಿ, ಮನೆಯವರು ಎರಡರ ಸರಾಸರಿ ತೆಗೆದು ಚುಚ್ಚುವುದು ನಡೆಯುತ್ತದೆ. ಅದು ಅಪಾಯ. ಸ್ಪೆಷಲಿಸ್ಟ್ ಭೇಟಿ ಮುಗಿಯುವ ಮೊದಲು ಕೇಳಿ: ಇನ್ನು ಮುಂದೆ ಡೋಸ್ ಬದಲಿಸುವುದು ಯಾರು, ಸಕ್ಕರೆ ಎಷ್ಟಕ್ಕಿಂತ ಕಡಿಮೆ ಇದ್ದರೆ ಇನ್ಸುಲಿನ್ ಕೊಡದೆ ಫೋನ್ ಮಾಡಬೇಕು, ಮುಂದಿನ ಪರೀಕ್ಷೆ ಎಂದು, ಎಲ್ಲಿ. ಉತ್ತರವನ್ನು ಚೀಟಿಯಲ್ಲಿ ಬರೆಸಿಕೊಂಡು ಒಂದು ಪ್ರತಿಯನ್ನು ನಿಮ್ಮ ಊರಿನ ಡಾಕ್ಟರಿಗೆ ಕೊಡಿ. ‘ಬೇರೆಯವರ ಹತ್ತಿರ ಹೋದರೆ ನಮ್ಮ ಡಾಕ್ಟರು ಬೇಜಾರು ಮಾಡಿಕೊಳ್ಳುತ್ತಾರೆ’ ಅಂತ ಮುಚ್ಚಿಡಬೇಡಿ. ಮುಚ್ಚಿಟ್ಟರೆ ತೊಂದರೆ ಬೆಕ್ಕಿಗೆ.

ಬೆಕ್ಕು ಇನ್ಸುಲಿನ್ ಬಿಡುವ ಹಂತಕ್ಕೆ ಬಂದರೂ ಡಾಕ್ಟರನ್ನು ಬಿಡುವ ಹಾಗಿಲ್ಲ. ಅದೇ ಊಟ ಮುಂದುವರಿಯಬೇಕು, ಆಗಾಗ ಸಕ್ಕರೆ ನೋಡುತ್ತಿರಬೇಕು. ಶುಗರ್ ಮರಳಿ ಬರಬಹುದು. ಈ ಉಸ್ತುವಾರಿಗೆ ಹತ್ತಿರದ ಡಾಕ್ಟರೇ ಸರಿ.

ಇಬ್ಬರಿಗೂ ಕಾಯಬಾರದ ಹೊತ್ತು

ಇನ್ಸುಲಿನ್ ಕೊಟ್ಟ ಮೇಲೆ ಬೆಕ್ಕು ತೂರಾಡಿದರೆ, ಕರೆದರೆ ತಿರುಗಿ ನೋಡದಿದ್ದರೆ, ಫಿಟ್ಸ್ ಬಂದರೆ ಸಕ್ಕರೆ ಬಿದ್ದಿದೆ ಅಂತಲೇ ತಿಳಿಯಿರಿ. ಮೀಟರ್ ಹುಡುಕುತ್ತಾ ಕೂರಬೇಡಿ. ಜೇನುತುಪ್ಪವನ್ನೋ ಗ್ಲುಕೋಸ್ ನೀರನ್ನೋ ಬೆರಳಿಗೆ ಹಚ್ಚಿ ವಸಡಿಗೆ ಸವರಿ. ಫಿಟ್ಸ್ ಇದ್ದಾಗ ಹಲ್ಲಿನ ನಡುವೆ ಬೆರಳು ಹಾಕಬೇಡಿ, ತುಟಿಯ ಒಳಗೆ ಹಚ್ಚಿದರೆ ಸಾಕು. ಬಾಯಿಗೆ ನೀರು ಸುರಿಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಚೇತರಿಸಿಕೊಂಡು ನುಂಗುವ ಹಾಗಾದರೆ ಊಟ ಕೊಡಿ, ಆಮೇಲೆ ಆಸ್ಪತ್ರೆಗೆ ಹೊರಡಿ. ಚೇತರಿಸಿಕೊಳ್ಳದಿದ್ದರೆ ಆಗಲೇ ಹೊರಡಿ, ದಾರಿಯಲ್ಲೂ ಜೇನುತುಪ್ಪ ಸವರುತ್ತಾ ಇರಿ. ಮುಂದಿನ ಡೋಸನ್ನು ಡಾಕ್ಟರನ್ನು ಕೇಳದೆ ಕೊಡಬೇಡಿ.

ಊಟ ಬಿಟ್ಟು, ವಾಂತಿ ಮಾಡಿ, ಮೂಲೆಯಲ್ಲಿ ಮುದುಡಿ ಮಲಗಿದ್ದರೆ ಅದು ಕೀಟೋಅಸಿಡೋಸಿಸ್ ಆಗಿರಬಹುದು. ಕೆಲವು ಸಲ ಉಸಿರಿನಲ್ಲಿ ನೇಲ್ ಪಾಲಿಶ್ ತೆಗೆಯುವ ದ್ರವದಂಥ ವಾಸನೆ ಬರುತ್ತದೆ. ಬೆಳಗಾಗಲಿ ಅಂತ ಕಾಯಬೇಡಿ. ಇದಕ್ಕೆ ಡ್ರಿಪ್ ಬೇಕು, ಗಂಟೆಗಂಟೆಗೂ ನೋಡುವವರು ಬೇಕು. ಯಾವ ಡಾಕ್ಟರು ದೊಡ್ಡವರು ಅನ್ನುವ ಪ್ರಶ್ನೆ ಆಗ ಇಲ್ಲ. ಆ ಹೊತ್ತಿನಲ್ಲಿ ಬಾಗಿಲು ತೆರೆದಿರುವ, ಡ್ರಿಪ್ ಹಾಕಿ ಅಡ್ಮಿಟ್ ಮಾಡಿಕೊಳ್ಳುವ ಆಸ್ಪತ್ರೆಗೆ ಹೋಗಬೇಕು. ಅಂಥದ್ದು ನಿಮ್ಮ ಸುತ್ತಮುತ್ತ ಎಲ್ಲಿದೆ, ಭಾನುವಾರ ರಾತ್ರಿ ಅಲ್ಲಿ ಡಾಕ್ಟರು ಇರುತ್ತಾರಾ, ಬೆಕ್ಕನ್ನು ತಗೊಳ್ಳುತ್ತಾರಾ ಅಂತ ಈ ವಾರವೇ ಫೋನ್ ಮಾಡಿ ತಿಳಿದುಕೊಳ್ಳಿ. ಆ ನಂಬರನ್ನು ಇನ್ಸುಲಿನ್ ಇಟ್ಟ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ, ಮನೆಯಲ್ಲಿ ಎಲ್ಲರಿಗೂ ತೋರಿಸಿಡಿ.